ಫಲಿತಾಂಶದ ಪಟ್ಟಿಗೆ ಇನ್ನೂ ಮೂರು ಕಾಲಂ ಹಾಕಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಮತ್ತು ಪ್ರತಿ ಮೇ ತಿಂಗಳು ಪೇಪರಿನಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ ಹಿಡಿದು ‘ನಮ್ಮದು ಎಷ್ಟನೇ ಸ್ಥಾನ’ ಎಂದು ಹುಡುಕುವ ಎಲ್ಲರಿಗೂ,

ನಮಸ್ಕಾರ.

ನಾನು ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. 17 ವರ್ಷದ ಸರ್ವೀಸು. ಹೋದ ಜೂನಿನಲ್ಲಿ ನನಗೊಂದು ನೋಟಿಸ್ ಬಂತು. ಎಸ್‌ಎಸ್‌ಎಲ್‌ಸಿಯಲ್ಲಿ ನನ್ನ ವಿಷಯದ ಫಲಿತಾಂಶ ಕಡಿಮೆ ಬಂದಿದೆ, 7 ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಿ, ಇಲ್ಲದಿದ್ದರೆ ವಾರ್ಷಿಕ ವೇತನ ಬಡ್ತಿ ತಡೆಹಿಡಿಯಲಾಗುವುದು ಎಂದಿತ್ತು. ಯಾವ ಕಚೇರಿಯದು ಎಂಬುದು ಇಲ್ಲಿ ಬೇಡ. ನಮ್ಮ ಹೆಡ್‌ಮಾಸ್ಟರಿಗೂ ಅಂಥದ್ದೇ ಒಂದು ಬಂದಿತ್ತು. ಅವರು ಅದನ್ನು ಎರಡಾಗಿ ಮಡಚಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು.

ಸಮಜಾಯಿಷಿಯಲ್ಲಿ ಎಲ್ಲರೂ ಬರೆಯುವುದನ್ನೇ ನಾನೂ ಬರೆದೆ. ಮಕ್ಕಳ ಅನಿಯಮಿತ ಹಾಜರಾತಿ, ಪೋಷಕರ ನಿರಾಸಕ್ತಿ, ಮುಂದಿನ ಸಾಲಿನಲ್ಲಿ ಉತ್ತಮ ಫಲಿತಾಂಶಕ್ಕೆ ಶ್ರಮಿಸುತ್ತೇನೆ, ಇತ್ಯಾದಿ. ನಿಜ ಹೇಳಬೇಕೆಂದರೆ ಪಕ್ಕದ ಊರಿನ ವಿಜ್ಞಾನದ ಸರ್ ಬರೆದಿದ್ದನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಹೆಸರು, ವಿಷಯ ಬದಲಿಸಿದೆ, ಅಷ್ಟೇ. ಕಾಪಿ ಹೊಡೆದೆ ಅಂತಲೇ ಇಟ್ಟುಕೊಳ್ಳಿ. ಅವತ್ತು ಬರೆಯಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ಕಾಪಿಯ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬರುವ ಮುಂಚಿನ ಒಂದು ವರ್ಷ. ಬೇರೆ ಊರಿನ ಕೇಂದ್ರದಲ್ಲಿ ನಾನು ಕೊಠಡಿ ಮೇಲ್ವಿಚಾರಕಿ. ಸಮಾಜ ವಿಜ್ಞಾನದ ಪೇಪರ್. ಪೇಪರ್ ಕೊಟ್ಟು ಒಂದು ತಾಸಾಗಿತ್ತು. ಕಿಟಕಿಯ ಆಚೆ ನೀರಿನ ಟ್ಯಾಂಕಿನ ಹತ್ತಿರ ನಾಲ್ಕೈದು ಹುಡುಗರು ನಿಂತಿದ್ದರು. ಒಂದು ಮಾರ್ಕಿನ ಉತ್ತರಗಳಷ್ಟನ್ನೂ ಬರೆದ ಚೀಟಿ ಕಿಟಕಿಯ ಸರಳಿನೊಳಗಿಂದ ಬಂತು. ಎರಡನೇ ಬೆಂಚಿನಿಂದ ಮೂರನೇ ಬೆಂಚಿಗೆ ಹೋಯಿತು. ನಾನು ಬೋರ್ಡಿನ ಕಡೆ ತಿರುಗಿ ಹಾಜರಿ ಹಾಳೆಗಳನ್ನು ಜೋಡಿಸುತ್ತಾ ನಿಂತೆ. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದೆ. ಹಾಗೆ ಮಾಡು ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಫಲಿತಾಂಶ ಬಿದ್ದರೆ ಆ ಶಾಲೆಯ ಟೀಚರುಗಳಿಗೆ ಏನು ಕಾದಿದೆ ಅಂತ ನನಗೆ ಗೊತ್ತಿತ್ತು. ನನ್ನ ಶಾಲೆಯ ಮಕ್ಕಳೂ ಅದೇ ಹೊತ್ತಿಗೆ ಇನ್ನೊಂದು ಕೇಂದ್ರದಲ್ಲಿ, ಇನ್ನೊಬ್ಬರ ಕೊಠಡಿಯಲ್ಲಿ ಕೂತಿದ್ದರು.

ಇದು ತಪ್ಪು. ಎಲ್ಲರೂ ಮಾಡುತ್ತಿದ್ದರು ಎಂದು ಹೇಳಿ ಜಾರಿಕೊಳ್ಳುವುದಿಲ್ಲ.

2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕೊಠಡಿಯ ಕ್ಯಾಮೆರಾ ದೃಶ್ಯವನ್ನು ಅಧಿಕಾರಿಗಳು ಕಚೇರಿಯಲ್ಲೇ ಕೂತು ನೋಡುವ ವ್ಯವಸ್ಥೆ. ಆ ವರ್ಷ ಏನಾಯಿತು ಅಂತ ನಿಮಗೇ ಗೊತ್ತು. 2023ರಲ್ಲಿ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು 10ರಿಂದ 20 ಪರ್ಸೆಂಟಿಗೆ ಏರಿಸಿ, ಅದನ್ನು ಪಡೆಯಲು ಬೇಕಾದ ಅಂಕವನ್ನು 35ರಿಂದ 25 ಪರ್ಸೆಂಟಿಗೆ ಇಳಿಸಿದ ಮೇಲೆ. ಅದಿಲ್ಲದಿದ್ದರೆ 54ರ ಆಸುಪಾಸು. ಮುಖ್ಯಮಂತ್ರಿಗಳೇ ಬೇಸರ ಮಾಡಿಕೊಂಡರು. ಮರುವರ್ಷ ಆ ಹೆಚ್ಚುವರಿ ಕೃಪಾಂಕ ತೆಗೆದರು. 2025ರಲ್ಲಿ ನಡೆದ ಮೂರು ಪರೀಕ್ಷೆಗಳ ಪೈಕಿ ಪರೀಕ್ಷೆ-1ರಲ್ಲಿ ರೆಗ್ಯುಲರ್ ಮಕ್ಕಳ ಫಲಿತಾಂಶ 66.14.

ಈ ಅಂಕಿಗಳನ್ನು ನೋಡಿ ಊರಿನವರು ‘ಮಾಸ್ತರರು ಕಲಿಸುವುದು ಬಿಟ್ಟರು’ ಎಂದರು. ಎರಡು ವರ್ಷದಲ್ಲಿ ಕಲಿಸುವುದು ಬಿಡಲಿಲ್ಲ ಸರ್. ಮುಚ್ಚಿಟ್ಟಿದ್ದು ಬಯಲಾಯಿತು, ಅಷ್ಟೇ. ಹಾಗೆ ನೋಡಿದರೆ 2021ರಲ್ಲಿ ಕೊರೊನಾದ ನಡುವೆ ಎರಡೇ ದಿನ ಬಹು ಆಯ್ಕೆಯ ಪರೀಕ್ಷೆ ನಡೆಸಿ, ಒಬ್ಬರನ್ನು ಬಿಟ್ಟು ಬರೆದವರೆಲ್ಲರೂ ಪಾಸಾದರು. ಆ ವರ್ಷ ನಮಗೆ ಯಾರೂ ಹೆಚ್ಚುವರಿ ಇನ್‌ಕ್ರಿಮೆಂಟ್ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. 99ಕ್ಕೆ ನಾವು ಕಾರಣ ಅಲ್ಲ ಅಂತ ಎಲ್ಲರಿಗೂ ಗೊತ್ತಿತ್ತಲ್ಲ, ಹೋಗಿ ಹೋಗಿ 2025ರಲ್ಲಿ ಕಲಬುರಗಿ ಜಿಲ್ಲೆಗೆ ಬಂದ 42ಕ್ಕೆ ಮಾತ್ರ ನಾವೊಬ್ಬರೇ ಹೇಗೆ ಕಾರಣ ಆಗುತ್ತೇವೆ?

ಕ್ಯಾಮೆರಾ ತೆಗೆಯಬೇಡಿ. ನನ್ನ ಹಳೆಯ ಸಹೋದ್ಯೋಗಿಗಳು ಬೈದರೂ ಪರವಾಗಿಲ್ಲ. ಆ ಕ್ಯಾಮೆರಾದಿಂದ ನನ್ನ ಮಾನ ಉಳಿದಿದೆ. ಈಗ ನಾನು ಬೋರ್ಡಿನ ಕಡೆ ತಿರುಗಿ ನಿಲ್ಲಬೇಕಾಗಿಲ್ಲ. ನನ್ನ ತಕರಾರು ಇಷ್ಟೇ: ಕ್ಯಾಮೆರಾ ತೋರಿಸಿದ ನಿಜಕ್ಕೆ ಮರುದಿನವೇ ನೋಟಿಸ್ ಕೊಟ್ಟರೆ, ಆ ನಿಜ ಮತ್ತೆ ಎಲ್ಲಾದರೂ ಅಡಗಲು ಜಾಗ ಹುಡುಕುತ್ತದೆ. ಕೊಠಡಿಯಲ್ಲಿ ಆಗದಿದ್ದರೆ ಆಂತರಿಕ ಅಂಕದಲ್ಲಿ. ಅಲ್ಲೂ ಆಗದಿದ್ದರೆ ‘ನಿಮ್ಮ ಮಗನಿಗೆ ಈ ವರ್ಷ ಪರೀಕ್ಷೆ ಬೇಡ, ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿ’ ಎಂದು ತಾಯಿಗೆ ಮೆಲ್ಲಗೆ ಹೇಳುವುದರಲ್ಲಿ.

ಅಮೆರಿಕದವರು ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದು ನೋಡಿದ್ದಾರೆ. 2002ರಲ್ಲಿ ಅಲ್ಲಿ ಒಂದು ಕಾನೂನು ತಂದು, ಪ್ರತಿವರ್ಷ ಪರೀಕ್ಷೆ ಮಾಡಿ, 2014ರ ಹೊತ್ತಿಗೆ ಎಲ್ಲ ಮಕ್ಕಳೂ ಓದು ಮತ್ತು ಗಣಿತದಲ್ಲಿ ಗುರಿ ಮುಟ್ಟಬೇಕು, ಇಲ್ಲದಿದ್ದರೆ ಶಾಲೆಯ ಮೇಲೆ ಕ್ರಮ ಎಂದರು. ಅಟ್ಲಾಂಟಾ ನಗರದಲ್ಲಿ ಮಕ್ಕಳ ಅಂಕ ಏರುತ್ತಲೇ ಹೋಯಿತು. ಎಲ್ಲರೂ ಹೊಗಳಿದರು. 2011ರಲ್ಲಿ ತನಿಖೆ ನಡೆದಾಗ 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯ ಶಿಕ್ಷಕರ ಹೆಸರು ಬಂತು. ಮಕ್ಕಳ ತಪ್ಪು ಉತ್ತರವನ್ನು ರಬ್ಬರಿನಿಂದ ಅಳಿಸಿ ಸರಿ ಉತ್ತರ ತುಂಬಿದ್ದರು. 2015ರಲ್ಲಿ 11 ಮಂದಿ ಅಪರಾಧಿಗಳೆಂದು ಕೋರ್ಟ್ ತೀರ್ಪು ಬಂತು. ಅವರಿಗೆ ರಬ್ಬರು, ನಮಗೆ ಕಿಟಕಿ.

ಈಗ ನನ್ನ ಒಬ್ಬ ಹುಡುಗನ ಕಥೆ ಕೇಳಿ. ನಿಜ ಹೆಸರು ಬೇಡ, ಮಲ್ಲಪ್ಪ ಅನ್ನೋಣ. 2022ರ ಜೂನಿನಲ್ಲಿ 8ನೇ ತರಗತಿಗೆ ಬಂದ. ಅವನ 6ನೇ ತರಗತಿ ಪೂರ್ತಿ ಕೊರೊನಾದಲ್ಲಿ ಕಳೆದಿತ್ತು. ಮೊದಲ ವಾರ ನಾನು ಎಲ್ಲರಿಗೂ 20 ಮಾರ್ಕಿನ ಒಂದು ಚಿಕ್ಕ ಪರೀಕ್ಷೆ ಕೊಡುತ್ತೇನೆ. ಕೂಡುವುದು, ಕಳೆಯುವುದು, ಗುಣಾಕಾರ, ಭಾಗಾಕಾರ. ಅವನಿಗೆ 2 ಬಂತು. ಹತ್ತಿರ ಕರೆದು 37ನ್ನು 12ರಿಂದ ಗುಣಿಸು ಅಂದೆ. 37 ಎರಡಲೇ 74 ಬರೆದ. ಕೆಳಗೆ 37 ಬರೆದ, ಒಂದು ಮನೆ ಎಡಕ್ಕೆ ಸರಿಸದೆ. ಕೂಡಿದ. 111.

ಆಮೇಲೆ ಬೇರೆ ತರ ಕೇಳಿದೆ. ‘ತಮ್ಮಾ, ನೀನು 37 ಕೆಜಿ ಹತ್ತಿ ಬಿಡಿಸಿದಿ. ಕೆಜಿಗೆ 12 ರೂಪಾಯಿ. ಎಷ್ಟು ಬರ್ತದ?’

‘ನಾಕ್ನೂರಾ ನಲವತ್ನಾಕ್ರಿ.’ ಉಸಿರು ಬಿಡುವಷ್ಟರಲ್ಲಿ.

ಅವನ ಪಾಟಿಯ ಮೇಲಿನ 111ನ್ನು ತೋರಿಸಿದೆ. ಅವನಿಗೇ ನಗು ಬಂತು. ‘ಸೇಠು ಹಿಂಗ ಲೆಕ್ಕಾ ಮಾಡಿದ್ರ ಬಡದಾಡ್ತೀವ್ರಿ ಮೇಡಂ.’

ಅವನ ತಲೆ ಚೆನ್ನಾಗಿತ್ತು. ತಲೆಯೊಳಗಿನ ಲೆಕ್ಕಕ್ಕೂ ಹಾಳೆಯ ಮೇಲಿನ ಲೆಕ್ಕಕ್ಕೂ ನಡುವೆ ಯಾವುದೋ ತರಗತಿಯಲ್ಲಿ ಸೇತುವೆ ಬಿದ್ದುಹೋಗಿತ್ತು. ಯಾವ ತರಗತಿಯಲ್ಲಿ, ಯಾರ ತಪ್ಪಿನಿಂದ ಅಂತ ಹುಡುಕುತ್ತಾ ಕೂರಲಿಲ್ಲ. ಆ ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು ಮೇಷ್ಟ್ರು. ನಾನು ಸ್ಥಾನಬೆಲೆಯಿಂದ ಶುರು ಮಾಡಿದೆ. 8ನೇ ತರಗತಿಯ ಪಾಠ ಬೆಳಿಗ್ಗೆ, 3ನೇ ತರಗತಿಯ ಪಾಠ ಸಂಜೆ. ನವೆಂಬರ್ ಬಂತು ಅಂದರೆ ಹುಡುಗ ಮಾಯ. ಮನೆಗೆ ಹೋದರೆ ತಾಯಿ, ‘ಅಕ್ಕೋರ, ಹತ್ತಿ ಮುಗಿಲಿ, ಆಮ್ಯಾಲ ಕಳಸ್ತೀನ್ರಿ. ಮೂರು ಮಂದಿ ಬಿಡಿಸಿದ್ರ ಸಾಲ ತೀರ್ತದ್ರಿ’ ಎಂದರು. ಅವರಿಗೆ ನಾನು ಏನು ಹೇಳಲಿ? ನೋಟಿಸಿನ ಉತ್ತರದಲ್ಲಿ ನಾನು ಇದಕ್ಕೇ ‘ಪೋಷಕರ ನಿರಾಸಕ್ತಿ’ ಅಂತ ಬರೆದದ್ದು. ಆ ತಾಯಿ ನನ್ನನ್ನು ಕ್ಷಮಿಸಲಿ.

ಮೂರು ವರ್ಷದಲ್ಲಿ ಅವನು ಭಿನ್ನರಾಶಿ ಕಲಿತ. ಋಣ ಸಂಖ್ಯೆ ಕಲಿತ. 10ನೇ ತರಗತಿಯ ಡಿಸೆಂಬರಿನಲ್ಲಿ ರೇಖಾತ್ಮಕ ಸಮೀಕರಣದ ಗ್ರಾಫ್ ಎಳೆದು, ಎರಡು ಗೆರೆ ಸೇರುವ ಬಿಂದುವನ್ನು ಬೆರಳಿಟ್ಟು ತೋರಿಸಿದ. ಮಾರ್ಚಿನಲ್ಲಿ ಥಿಯರಿಯಲ್ಲಿ 80ಕ್ಕೆ 21 ಬಂತು. ಫೇಲ್. ಪರೀಕ್ಷೆ-2 ಬರೆಸಿದೆ, 26. ಮತ್ತೆ ಫೇಲ್. ಪರೀಕ್ಷೆ-3ರ ಹೊತ್ತಿಗೆ ಅವನು ಊರಲ್ಲಿರಲಿಲ್ಲ, ಅಪ್ಪನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದ.

2025-26ರ ಸಾಲಿನಿಂದ ನೀವು ಪಾಸಿನ ಮಟ್ಟವನ್ನು 33 ಪರ್ಸೆಂಟಿಗೆ ಇಳಿಸಿದ್ದೀರಿ. 625ಕ್ಕೆ 206, ಆಂತರಿಕ ಅಂಕ ಸೇರಿಸಿ ಒಂದೊಂದು ವಿಷಯದಲ್ಲಿ ಕನಿಷ್ಠ 30 ಪರ್ಸೆಂಟ್. ಈ ಲೆಕ್ಕದಲ್ಲಾಗಿದ್ದರೆ ಮಲ್ಲಪ್ಪ ಗಣಿತದಲ್ಲಿ ಪಾಸ್. ಒಂದು ವರ್ಷ ತಡವಾಗಿ ಹುಟ್ಟಿದ್ದರೆ ಸಾಕಿತ್ತು. ಆಗ ನಾನೂ ಒಳ್ಳೆಯ ಟೀಚರ್ ಆಗುತ್ತಿದ್ದೆ, ನೋಟಿಸ್ ಇರುತ್ತಿರಲಿಲ್ಲ. ಅವನಿಗೆ ಗೊತ್ತಿರುವ ಗಣಿತ ಮಾತ್ರ ಅಷ್ಟೇ ಇರುತ್ತಿತ್ತು, ಒಂದು ಕಾಳೂ ಹೆಚ್ಚಲ್ಲ. ಮಟ್ಟ ಇಳಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಪಾಸಾದರೆ ಐಟಿಐ ಮೆಟ್ಟಿಲಾದರೂ ಹತ್ತುತ್ತಾರೆ. ಆದರೆ ಹೀಗೆ ವರ್ಷ ವರ್ಷವೂ ಉದ್ದ ಬದಲಾಗುವ ಕೋಲಿನಿಂದ ನನ್ನನ್ನು ಅಳೆದು ಸಂಬಳ ಹಿಡಿಯುತ್ತೇನೆ ಅಂದರೆ ಹೇಗೆ?

ಜಿಲ್ಲಾವಾರು ಪಟ್ಟಿಯ ವಿಷಯಕ್ಕೆ ಬರುತ್ತೇನೆ. 2025ರಲ್ಲಿ ದಕ್ಷಿಣ ಕನ್ನಡ 91.12, ಕಲಬುರಗಿ 42.43. ಹಿಂದಿನ ವರ್ಷ ಉಡುಪಿ 94, ಯಾದಗಿರಿ 50.59. ಎರಡೂ ವರ್ಷ ಕರಾವಳಿ ಮೇಲೆ, ನಮ್ಮ ಕಡೆ ಕೆಳಗೆ. ನಮ್ಮ ಶಾಲೆಯ ಇಂಗ್ಲಿಷ್ ಸರ್ ಈ ಕಡೆಯವರೇ, 9 ವರ್ಷ ಉಡುಪಿ ಜಿಲ್ಲೆಯಲ್ಲಿ ಕೆಲಸ ಮಾಡಿ ಪರಸ್ಪರ ವರ್ಗಾವಣೆಯಲ್ಲಿ ಬಂದವರು. ಅಲ್ಲಿ ಅವರ ವಿಷಯದಲ್ಲಿ ಫೇಲಾದವರನ್ನು ಬೆರಳಲ್ಲಿ ಎಣಿಸಬಹುದಿತ್ತಂತೆ. ಇಲ್ಲಿ ಅದೇ ಮನುಷ್ಯ, ಅದೇ ಪಾಠ, ಅದೇ ನೋಟ್ಸು, 50 ದಾಟಿಸಲು ಒದ್ದಾಡುತ್ತಿದ್ದಾರೆ. ಬಸ್ಸಿನಲ್ಲಿ ಬರುವಾಗ ಘಟ್ಟ ಹತ್ತಿದ ಕೂಡಲೇ ಅವರು ಸೋಮಾರಿ ಆಗಿಬಿಟ್ಟರಾ?

ಅದಕ್ಕೇ ಕೇಳುತ್ತಿರುವುದು. ಫಲಿತಾಂಶದ ಪಟ್ಟಿಯಲ್ಲಿ ಶಾಲೆಯ ಹೆಸರು, ಹಾಜರಾದವರು, ಪಾಸಾದವರು, ಪರ್ಸೆಂಟ್ ಇರುತ್ತದೆ. ಅದರ ಪಕ್ಕ ಇನ್ನೂ ಮೂರು ಕಾಲಂ ಹಾಕಿ.

ಒಂದು, ಆ ವರ್ಷ ಜೂನ್ 1ಕ್ಕೆ ಆ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇದ್ದವು, ಅತಿಥಿ ಶಿಕ್ಷಕರು ಯಾವ ತಾರೀಕಿಗೆ ಬಂದರು. ನಮ್ಮಲ್ಲಿ ವಿಜ್ಞಾನಕ್ಕೆ ಬಂದ ಅತಿಥಿ ಶಿಕ್ಷಕಿ ಜುಲೈ ಕೊನೆಗೆ ಸೇರಿದರು, ಜನವರಿಯಲ್ಲಿ ಬೇರೆ ಕೆಲಸ ಸಿಕ್ಕಿ ಹೋದರು. ಒಳ್ಳೆಯ ಹುಡುಗಿ. ಉಳಿಸಿಕೊಳ್ಳಲು ನಮ್ಮ ಕೈಯಲ್ಲಿ ಏನಿತ್ತು? ಆಮೇಲೆ ವಿಜ್ಞಾನವನ್ನೂ ನಾನೇ ಮಾಡಿದೆ.

ಎರಡು, ಕಾಯಂ ಶಿಕ್ಷಕರು ಎಷ್ಟು ದಿನ ತರಗತಿಯ ಹೊರಗಿದ್ದರು, ಯಾರ ಆದೇಶದ ಮೇಲೆ. ಈ ಕಾಲಂ ತುಂಬುವುದು ನಿಮಗೆ ಸುಲಭ, ಆದೇಶಗಳೆಲ್ಲ ನಿಮ್ಮಲ್ಲೇ ಇವೆ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ನಾನೂ ಗಣತಿದಾರಳು. 60 ಪ್ರಶ್ನೆ, ತೆರೆಯದ ಆಪ್, ಬಾಗಿಲಿಗೆ ಅಂಟಿಸಿದ ಸ್ಟಿಕ್ಕರ್ ನಂಬರ್ ಹುಡುಕಿ ಬೀದಿ ಬೀದಿ. ಮುಗಿಯಲಿಲ್ಲ ಅಂತ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ನಮ್ಮೂರ ರಸ್ತೆಯಲ್ಲಿ ಆ ದಿನಗಳಲ್ಲಿ ಹಳದಿ ವ್ಯಾನ್ ಓಡಾಡುತ್ತಿತ್ತು. ಖಾಸಗಿ ಶಾಲೆ ಶುರುವಾಗಿತ್ತು. ಮಾರ್ಚಿನಲ್ಲಿ ಆ ವ್ಯಾನಿನ ಮಕ್ಕಳಿಗೂ ನನ್ನ ಮಕ್ಕಳಿಗೂ ಒಂದೇ ಪ್ರಶ್ನೆಪತ್ರಿಕೆ. ಸಮೀಕ್ಷೆ ಬೇಡ ಅನ್ನುತ್ತಿಲ್ಲ, ಅದರಿಂದ ಒಳ್ಳೆಯದಾಗಬೇಕಾದವರೂ ಇದೇ ಮಕ್ಕಳ ಅಪ್ಪ ಅಮ್ಮ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಓದಿ. ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಎಂದಿದೆ. ಕಾಯ್ದೆ ಮೀರಿ ಹಾಕಿದ್ದಾದರೆ, ಹಾಕಿದ ದಿನಗಳ ಲೆಕ್ಕವಾದರೂ ನನ್ನ ಹೆಸರಿನ ಮುಂದೆ ಇರಲಿ.

ಮೂರನೇ ಕಾಲಂ ಮುಖ್ಯ. ಮಗು 8ನೇ ತರಗತಿಗೆ ಬಂದಾಗ ಏನು ಬರುತ್ತಿತ್ತು. ಮಲ್ಲಪ್ಪನ 20ಕ್ಕೆ 2. ಅದನ್ನು ನಾನು ಒಬ್ಬಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ನೋಟಿಸ್ ಕಳಿಸುವವರಿಗೆ ಕಾಣುವುದಿಲ್ಲ. ಜೂನಿನಲ್ಲಿ ಎಲ್ಲ ಕಡೆ ಒಂದೇ ಪ್ರಶ್ನೆಪತ್ರಿಕೆ ಕೊಡಿ. ಬೇರೆ ಶಾಲೆಯವರು ಬಂದು ನಡೆಸಲಿ, ಬೇರೆಯವರೇ ತಿದ್ದಲಿ. ಪಾಸು ಫೇಲು ಬೇಡ, ಪೇಪರಿನಲ್ಲಿ ಹಾಕುವುದೂ ಬೇಡ. ಮೂರು ವರ್ಷದ ನಂತರ ಅದೇ ಮಗು ಎಲ್ಲಿ ನಿಂತಿದೆ ಅಂತ ನೋಡಿ. ನಡುವಿನ ದೂರಕ್ಕೆ ನನ್ನನ್ನು ಕೇಳಿ. ಒಬ್ಬ ಹುಡುಗ ನನ್ನ ಹತ್ತಿರ 2ಕ್ಕೆ ಬಂದು 2ರಲ್ಲೇ ಹೋಗಿದ್ದರೆ ಬಡ್ತಿ ಹಿಡಿಯಿರಿ, ನಾನು ಬಾಯಿ ಬಿಡುವುದಿಲ್ಲ.

ಹಾಗಂತ ಎಲ್ಲ ತರಗತಿಗೂ ಬೋರ್ಡ್ ಪರೀಕ್ಷೆ ತಂದರೆ ಸರಿಹೋಗುತ್ತದೆ ಅಂತ ತಿಳಿಯಬೇಡಿ. 5, 8, 9ಕ್ಕೆ ತಂದಾಗ ಏನಾಯಿತು ಅಂತ ನೋಡಿದ್ದೇವೆ. 2024ರ ಮಾರ್ಚ್ 11ಕ್ಕೆ ಪರೀಕ್ಷೆ ಶುರು, ಮರುದಿನ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತಿತು, 25ಕ್ಕೆ ಹೈಕೋರ್ಟ್ ಒಪ್ಪಿಗೆಯ ಮೇಲೆ ಮತ್ತೆ ಶುರು, ಎಲ್ಲ ಮುಗಿದ ಮೇಲೆ ಏಪ್ರಿಲ್ 8ಕ್ಕೆ ಫಲಿತಾಂಶಕ್ಕೇ ತಡೆ. ನನ್ನ 9ನೇ ತರಗತಿಯ ಮಕ್ಕಳು ‘ಮೇಡಂ, ಓದಬೇಕಾ ಬ್ಯಾಡಾ ಹೇಳ್ರಿ’ ಎಂದು ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ. ರಾಜ್ಯದ ಕಲಿಕೆ ಹೇಗಿದೆ ಅಂತ ತಿಳಿಯಬೇಕಾದರೆ ಎಲ್ಲ ಮಕ್ಕಳನ್ನೂ ಕೂರಿಸಬೇಕಾಗಿಲ್ಲ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು. 2024ರ ಡಿಸೆಂಬರಿನಲ್ಲಿ ನಡೆದ ಕೇಂದ್ರದ ಪರಖ್ ಕಲಿಕಾ ಸಮೀಕ್ಷೆ 3, 6, 9ನೇ ತರಗತಿಯ ಕೆಲವೇ ಶಾಲೆಗಳನ್ನು ಆರಿಸಿಕೊಂಡು ಮಾಡಿದ್ದು ಅದನ್ನೇ.

ಈಗ ನಾವು ನಿಜವಾಗಿ ಮಾಡುತ್ತಿರುವ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಜನವರಿ ಬಂತೆಂದರೆ ಪಾಠ ನಿಲ್ಲುತ್ತದೆ, ‘ಪಾಸಿಂಗ್ ಪ್ಯಾಕೇಜ್’ ಶುರುವಾಗುತ್ತದೆ. ಹದಿನಾಲ್ಕು ಪುಟದ ಜೆರಾಕ್ಸ್. ಗ್ರಾಫ್, ಸರಾಸರಿ, ಮಧ್ಯಾಂಕ, ಥೇಲ್ಸನ ಪ್ರಮೇಯ. ಪ್ರಮೇಯವನ್ನು ಮಕ್ಕಳು ಪದ್ಯದ ಹಾಗೆ ಬಾಯಿಪಾಠ ಮಾಡುತ್ತಾರೆ. ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಅಂತ ಹೆಸರಿಟ್ಟು ಕೊಟ್ಟು ನೋಡಿ, ಅರ್ಧ ಮಕ್ಕಳ ಪೆನ್ನು ಅಲ್ಲೇ ನಿಲ್ಲುತ್ತದೆ. ನಮಗೆ ತಲಾ ಐದೈದು ಮಕ್ಕಳನ್ನು ‘ದತ್ತು’ ಕೊಟ್ಟಿರುತ್ತಾರೆ. ಬೆಳಗಿನ ಐದಕ್ಕೆ ಅವರ ಮನೆಗೆ ಫೋನ್ ಮಾಡಿ ಎಬ್ಬಿಸಬೇಕು. ನಮ್ಮ ಮನೆಯವರು ಗೊಣಗಿ ಮಗ್ಗುಲು ಬದಲಿಸುತ್ತಾರೆ. ಆ ಕಡೆ ಫೋನ್ ಎತ್ತುವುದು ಆಗಲೇ ರೊಟ್ಟಿ ಬಡಿಯುತ್ತಿರುವ ತಾಯಿ. ‘ಎದ್ದಾನ್ರಿ ಅಕ್ಕೋರ’ ಎನ್ನುತ್ತಾರೆ. ಎದ್ದಿರುವುದಿಲ್ಲ, ಇಬ್ಬರಿಗೂ ಗೊತ್ತು.

ಕೆಟ್ಟ ಟೀಚರುಗಳೇ ಇಲ್ಲ ಅಂತಲೂ ನಾನು ವಾದಿಸುವುದಿಲ್ಲ. ಇದ್ದಾರೆ. ಸಹಿ ಮಾಡಿ ಚಿಟ್ ಫಂಡ್ ವ್ಯವಹಾರಕ್ಕೆ ಹೋಗುವವರನ್ನು ನೋಡಿದ್ದೇನೆ. ಅಂಥವರು ನೋಟಿಸಿಗೆ ಹೆದರುವುದಿಲ್ಲ, ಅದನ್ನು ಎಲ್ಲಿ ಹೇಗೆ ಮುಗಿಸಬೇಕು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಸಿಗಬೇಕಾದರೆ ಯಾರಾದರೂ ತರಗತಿಯೊಳಗೆ ಬರಬೇಕು.

17 ವರ್ಷದಲ್ಲಿ ಪೂರ್ತಿ ಒಂದು ಪಿರಿಯಡ್ ನನ್ನ ಪಾಠ ಕೂತು ಕೇಳಿದ ಅಧಿಕಾರಿ ಒಬ್ಬರೇ. ಗಣಿತದ ವಿಷಯ ಪರಿವೀಕ್ಷಕರು, ಈಗ ನಿವೃತ್ತರು. ಉಳಿದವರೆಲ್ಲ ಆಫೀಸಿನಲ್ಲಿ ಕೂತು ರಿಜಿಸ್ಟರ್ ನೋಡಿ, ಚಹಾ ಕುಡಿದು, ಬಿಸಿಯೂಟದ ಅಕ್ಕಿ ಚೀಲ ಎಣಿಸಿ ಹೋದವರು. ಆ ಪರಿವೀಕ್ಷಕರು ಕೊನೆಯ ಬೆಂಚಿನಲ್ಲಿ ಹುಡುಗರ ಪಕ್ಕ ಕೂತರು. ಪಿರಿಯಡ್ ಮುಗಿದ ಮೇಲೆ ನನ್ನನ್ನು ಅಲ್ಲೇ ಕೂರಿಸಿ, ‘ಇಲ್ಲಿಂದ ಬೋರ್ಡ್ ನೋಡಮ್ಮ’ ಎಂದರು. ಬೋರ್ಡಿನ ಕೆಳಗಿನ ಅರ್ಧ ಕಾಣಲಿಲ್ಲ, ಮುಂದಿನವರ ತಲೆ ಅಡ್ಡ. ನಾನು ಲೆಕ್ಕದ ಉತ್ತರ ಬರೆಯುತ್ತಿದ್ದುದು ಅದೇ ಕೆಳಗಿನ ಅರ್ಧದಲ್ಲಿ. ಇನ್ನೊಂದು ಮಾತು ಹೇಳಿದರು. ನಾನು ಪ್ರಶ್ನೆ ಕೇಳಿ, ಯಾರಾದರೂ ಯೋಚಿಸುವ ಮುಂಚೆ ನಾನೇ ಉತ್ತರ ಹೇಳಿಬಿಡುತ್ತೇನಂತೆ. ಅವಮಾನ ಆಯಿತು. ಆದರೆ ಮರುದಿನದಿಂದ ಬೋರ್ಡಿನ ನಡುವೆ ಒಂದು ಗೆರೆ ಎಳೆದೆ, ಅದರ ಕೆಳಗೆ ಬರೆಯುವುದನ್ನು ಬಿಟ್ಟೆ. ಇವತ್ತಿಗೂ ಬಿಟ್ಟಿದ್ದೇನೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುತ್ತೇನೆ. ನನ್ನನ್ನು ಯಾರಾದರೂ ನಿಜವಾಗಿ ಲೆಕ್ಕ ಕೇಳಿದ್ದು ಆ 40 ನಿಮಿಷ ಮಾತ್ರ.

ಆದ್ದರಿಂದ ಅಧಿಕಾರಿಗಳನ್ನು ಕಳಿಸಿ. ನೀವೇ ಬಂದರೆ ಇನ್ನೂ ಸಂತೋಷ. ಹೂವಿನ ಹಾರ, ಸ್ವಾಗತ ಗೀತೆ ಏನೂ ಬೇಡ, ಮುಂಚೆ ಹೇಳುವುದೂ ಬೇಡ. ಬುಧವಾರ ಮೂರನೇ ಪಿರಿಯಡ್ ನನಗೆ 9ನೇ ತರಗತಿ ಇರುತ್ತದೆ. ಕಿಟಕಿಯ ಕಡೆಯ ನಾಲ್ಕನೇ ಬೆಂಚಿನಲ್ಲಿ ಕೂತುಕೊಳ್ಳಿ. ಜಾಗ ಇರುತ್ತದೆ. ಆ ಬೆಂಚಿನ ಮೂವರೂ ಹತ್ತಿ ಬಿಡಿಸಲು ಹೋಗಿದ್ದಾರೆ, ಬರುವುದು ಇನ್ನೂ ಎರಡು ವಾರ ಆಗಬಹುದು.

ಇಂತಿ,
ಒಬ್ಬ ಗಣಿತದ ಟೀಚರ್